ಕೊಸರು

ಫೋರ್ಟ್ ಪ್ಲೇನ್ ದಾಟಿ, ಮೋಹಾಕ್ ನದಿ ಮಗ್ಗುಲು ಬದಲಿಸುವಲ್ಲಿ
ವಿಲೆಮಿನಾ ಝೋಲರಳ ಕೊಟ್ಟಿಗೆ.
ಹಸುಗಳು ಹೋಗಿ ಹನ್ನೊಂದು ವರ್ಷ,
ವಾಸನೆ ಹೋಗಿಲ್ಲ.
ಮೂಲೆಯಲ್ಲಿ ಒಣಗಿದ ಬಣ್ಣದ ಡಬ್ಬಿಗಳನ್ನು ಹೊತ್ತು
ಕೂತಿತ್ತು ಕುರ್ಚಿ,
ಅಗಲ ಕೈಗಳದ್ದು, ಬೆನ್ನು ಹಿಂದಕ್ಕೆ ವಾಲಿಸಬಲ್ಲದ್ದು,
ನೂರು ದಾಟಿದ ಓಕ್.
ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ.
ಧೂಳಿನಡಿಯಲ್ಲಿ ಹುಲಿಪಟ್ಟೆ ಮಿಸುಕಿತು.

‘ಎಷ್ಟು?’ ಅಂದೆ, ಬೇಡದವನ ದನಿಯಲ್ಲಿ.
ಆ ದನಿ ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿದಿದೆ.
‘ಎಂಬತ್ತು. ಡಬ್ಬಿ ನೀನೇ ಇಳಿಸಬೇಕು.’
ಇಳಿಸಿದೆ.
ವಿನೆಗರಿನಲ್ಲಿ ಹಾಕಿಟ್ಟ ಬೀಟ್‌ರೂಟು, ಒಂದು ಜಾಡಿ,
ಕೈಗಿತ್ತಳು ಮೇಲೆ, ಕೊಸರು.

ಇವೆಲ್ಲ ಹುಟ್ಟಿದ್ದೇ ಈ ಸೀಮೆಯಲ್ಲಿ.
ಸಿರಾಕ್ಯೂಸಿನ ಸುತ್ತ ಕಾರ್ಖಾನೆಗಳು ಕೂಗುತ್ತಿದ್ದ ಕಾಲಕ್ಕೆ
ಊರವರ ಹುಬ್ಬಿನಲ್ಲೂ ಗರಗಸದ ಹೊಟ್ಟು.
ಸೊಟ್ಟಗಾದದ್ದು, ಕಲೆಬಿದ್ದದ್ದು ಕೆಲಸದವರ ಮನೆಗೆ.
ಅದಕ್ಕೇ ಇಲ್ಲಿ ಅಟ್ಟ ಹತ್ತಿದರೆ
ಎಲ್ಲೋ ಒಂದು ಕಾಲು, ಎಲ್ಲೋ ಒಂದು ತೋಳು.
ಹಿತ್ತಲ ಗಿಡ, ಗೊತ್ತಲ್ಲ,
ಮದ್ದಾಗಬೇಕೆಂದರೆ ಮೂರು ಸಾವಿರ ಮೈಲಿ ನಡೆಯಬೇಕು.

ನಡೆಸುವವನು ನಾನು:
ಬಿಳಿ ವ್ಯಾನು, ಹಳೇ ಕಂಬಳಿ, ನಾಲ್ಕು ಹಗ್ಗ.

ಬಫಲೋದಲ್ಲಿ ಮುನ್ನೂರೈವತ್ತು ಅಂದರು, ಆಕಳಿಸುತ್ತ.
ಓಹಾಯೋದಲ್ಲಿ ಇಂಥವು ಬೇಕಾದಷ್ಟು,
ಆದರೆ ಯಾರೋ ಪುಣ್ಯಾತ್ಮರು ಒಂದು ಕಾಲಕ್ಕೆ
ಎಲ್ಲದರ ಚರ್ಮ ಸುಲಿದು ಥಳಥಳ ವಾರ್ನಿಷು ಬಳಿದಿದ್ದಾರೆ,
ಅಜ್ಜಿಗೆ ತುಟಿಬಣ್ಣ ಹಚ್ಚಿದ ಹಾಗೆ.
ಶಿಕಾಗೋ ಸಾವಿರದ ನಾನೂರರವರೆಗೆ ಏರಿ, ಗಡಿಯಾರ ನೋಡಿತು.
ತೆಂಕಣಕ್ಕೆ ತಿರುಗಲೇ ಇಲ್ಲ:
ಸವಾನಾದವರಿಗೆ ಮಹಾಗನಿಯೇ ಮನೆದೇವರು,
ಓಕ್ ಅಡುಗೆಮನೆಯ ಆಳು.
ಕ್ಯಾನ್ಸಸ್ಸಿನ ಪೆಟ್ರೋಲ್ ಬಂಕಿನಲ್ಲಿ ಹುಡುಗನೊಬ್ಬ
ಕಂಬಳಿ ಎತ್ತಿ ನೋಡಿ ಕೇಳಿದ,
‘ಎಷ್ಟು ಹೊತ್ತು ಉರಿಯಬಹುದು ಇದು?’

ಪಾಸಡೀನಾ.
ತಗ್ಗು ಸೂರಿನ ಮನೆ, ಇಟ್ಟಿಗೆಯ ಒಲೆಗೂಡು,
ಕಿಟಕಿಯ ಪಕ್ಕ ಒಂದು ಜಾಗ
ಬಿದ್ದ ಹಲ್ಲಿನ ಸಂದಿಯಂತೆ ಖಾಲಿ.
ಯಜಮಾನ ವಾಹೆ ತೆರ್ಜಿಯಾನ್, ದಂತವೈದ್ಯ.
ಕುರ್ಚಿಯಡಿ ಅಂಗಾತ ಮಲಗಿ ಬಾಯೊಳಗೆ ಟಾರ್ಚು ಹಿಡಿದು
ಕೆಂಪು ಮುದ್ರೆ ಹುಡುಕಿದ. ಸಿಕ್ಕಿತು, ಅರ್ಧ.
ಅದರ ಪಕ್ಕ ಪೆನ್ಸಿಲಿನಲ್ಲಿ:
‘ಶನಿವಾರ. ಈ ವಾರವೂ ಕೂಲಿ ಇಲ್ಲ. ಯೂ. ಝೋಲರ್.’

ಟಾರ್ಚು ತೆಗೆದು ಕೇಳಿದ:
‘ಇದರಿಂದ ಬೆಲೆ ಏರುತ್ತದೋ, ಇಳಿಯುತ್ತದೋ?’
ಇಪ್ಪತ್ತು ವರ್ಷದ ದನಿ ನನ್ನ ಗಂಟಲಲ್ಲಿ ಸಿಗಲಿಲ್ಲ.
‘ಅಳಿಸಬೇಡಿ’ ಅಂದೆ, ಅಷ್ಟೆ.
ನಾಲ್ಕು ಸಾವಿರದ ಇನ್ನೂರು ಎಣಿಸಿ ಕೊಟ್ಟ.

ಬೀಟ್‌ರೂಟು ನೆಬ್ರಾಸ್ಕಾದಲ್ಲಿ ಮುಗಿಯಿತು.
ಮೋಟೆಲಿನ ದೀಪದಡಿ ಲೆಕ್ಕ ಹಾಕಿ
ಒಂದೂವರೆ ಸಾವಿರದ ಚೆಕ್ಕು ಬರೆದೆ ವಿಲೆಮಿನಾಗೆ,
ಕಾಗದದಲ್ಲಿ ಎಲ್ಲ ಹೇಳಿದೆ, ಬೆಲೆಯನ್ನೂ.
ನನ್ನ ಕಸುಬಿನವರು ಮಾಡಬಾರದ ಕೆಲಸ.

ವಸಂತಕ್ಕೆ ಹೋದರೆ
ಚೆಕ್ಕು ಅವಳ ಫ್ರಿಜ್ಜಿನ ಮೇಲೆ, ಅಯಸ್ಕಾಂತದಡಿ, ಹಾಗೇ.
‘ಎಂಬತ್ತಕ್ಕೆ ಕೊಟ್ಟೆ. ಮಾತು ಮಾತೇ.
ಆ ಯೂರಾಯಾ ನನ್ನ ಗಂಡನ ತಾತ.
ಕೂಲಿ ಬರಲಿಲ್ಲವೆಂದು ಕುರ್ಚಿಯನ್ನೇ ಹೊತ್ತು ತಂದವನಂತೆ.
ಜೊತೆಗೆ ಈ ಬೆಂಚನ್ನೂ.’

ಬೆಂಚಿನ ಮೇಲೆ ಕೋಳಿ ಕಾವು ಕೂತಿತ್ತು.
‘ಇದಕ್ಕೆ?’
‘ನಾಲ್ಕು ಸಾವಿರದ ಇನ್ನೂರು.’
‘ಅದು ಪಾಸಡೀನಾದ ಬೆಲೆ, ವಿಲೆಮಿನಾ. ಇದು ಫೋರ್ಟ್ ಪ್ಲೇನ್.’
‘ನಿನ್ನ ಗಾಡಿಯ ಮೂತಿ ಯಾವ ಕಡೆಗಿದೆ ವ್ರೂಮನ್?’

ಪಕ್ಕದ ಮನೆಯವರೂ ಅದೇ ಅಂದರು, ಅದರಾಚೆಯವರೂ.
ಕಣಿವೆಯ ಉದ್ದಕ್ಕೂ ಅಟ್ಟಗಳು ಒಳಗಿನಿಂದ ಚಿಲಕ ಹಾಕಿಕೊಂಡಿದ್ದವು.

ಖಾಲಿ ವ್ಯಾನು ಹತ್ತುವಾಗ ಜಾಡಿ ತಂದಳು.
ಬೀಟ್‌ರೂಟಿಗೆ ಈ ಸಲ ಆರು ಡಾಲರು.
ಚೌಕಾಸಿ ಮಾಡದೆ ಕೊಟ್ಟೆ.